ಅಲ್ಲದ ಓಣಿ

ಹಲ್ ಪಟ್ಟಣದ ಹಳೇ ಪೇಟೆಯಲ್ಲಿ
ಹಸಿ ಶುಂಠಿಯ ನಾಡು ಅಂತ ಒಂದು ಓಣಿ.
ನಾಡು ಅಂದರೆ ನಾಡೇನಲ್ಲ, ನೂರಿಪ್ಪತ್ತು ಹೆಜ್ಜೆ;
ಅಂಚೆ ಚೀಲ ಹೆಗಲಿಗಿದ್ದರೆ ನೂರೈವತ್ತು.
ಆರು ವರ್ಷದಿಂದ ಎಣಿಸುತ್ತಿದ್ದೇನೆ.

ನಮ್ಮ ಗದಗಿನ ಕಡೆ ಹಸಿ ಶುಂಠಿಗೆ ಅಲ್ಲ ಅಂತೀವಿ.
ಮೊದಲ ದಿನ ಗೋಡೆಯ ಫಲಕ ಓದಿ ಒಬ್ಬಳೇ ನಕ್ಕೆ:
ಅಲ್ಲದ ಓಣಿ!
ಮೂಸಿ ನೋಡಿದೆ. ಒದ್ದೆ ಇಟ್ಟಿಗೆ, ನಿನ್ನೆಯ ಬಿಯರು,
ಇಳಿತದ ಹೊತ್ತಿಗೆ ಹೊಳೆ ಬಿಟ್ಟುಹೋದ ಕೆಸರು.
ಅಲ್ಲ ಇಲ್ಲ.

ಡೋರೀನ್ ಬ್ಲೆಂಕಿನ್‌ಳನ್ನು ಕೇಳಿದೆ.
ಊರಿನದೇ ಟೆಲಿಫೋನ್ ಕಚೇರಿಯಲ್ಲಿ ಮೂವತ್ತು ವರ್ಷ
"ಯಾರು ಬೇಕಿತ್ತು?" ಅಂದವಳು.
ಈಗ ಮಗಳ ಬೀಗದಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು
ನನ್ನಿಂದ ಕಾಗದ ಇಸಿದುಕೊಳ್ಳುತ್ತ ಬೆರಳು ಮಡಿಚಿದಳು:

ಹಡಗಿನವರು ಇಲ್ಲಿ ಶುಂಠಿ ಒಣಹಾಕುತ್ತಿದ್ದರಂತೆ.
ಒಣಹಾಕಿದ್ದಾದರೆ ಹಸಿ ಹೇಗೆ? ಅದಲ್ಲ.
ಡಚ್ಚರ ಮನೆತನದ ಹೆಸರು
ಇಲ್ಲಿನವರ ಬಾಯಲ್ಲಿ ಜಜ್ಜಿಹೋಗಿ ಹೀಗಾಯಿತಂತೆ.
ಇದ್ದೀತು. ಈ ಊರ ಬಾಯಿ ಅಂಥದ್ದು,
ಫೋನು ಫರ್ನ್ ಆಗುತ್ತದೆ, ರೋಡು ರರ್ಡ್.
ಆದರೂ ಅದೂ ಅಲ್ಲ.
ಯಾರದೋ ಹಿತ್ತಲ ಕುಂಡದಲ್ಲಿ ಬೆಳೆದಿತ್ತಂತೆ.
"ಈ ಚಳಿಗೆ?" ಅಂದಳು ತಾನೇ.
ಹೆಬ್ಬೆರಳು ಮಡಿಸದೆ ಉಳಿಯಿತು.

ಇಲ್ಲಿ ಹೆಸರುಗಳನ್ನು ನಂಬಿದರೆ ಕಾಗದ ಮುಟ್ಟುವುದಿಲ್ಲ.
ಬಿಳಿ ಸನ್ಯಾಸಿಗಳ ಬೀದಿಯಲ್ಲಿ ಕಾವಿಯೂ ಇಲ್ಲ ಬಿಳಿಯೂ ಇಲ್ಲ,
ಅರ್ಧ ಅಂಗಡಿಗೆ ಬಾಡಿಗೆಯ ಬೋರ್ಡು.
ಕೊಳೆತ ಹೆರಿಂಗ್ ಮೀನಿನ ಕಟ್ಟೆ ಅಂದರೆ
ಪಾಪ, ಸಾಹುಕಾರನೊಬ್ಬನ ಮನೆತನವಂತೆ.
ಪೇಟೆಯ ತುದಿಗೆ ನಿಜವಾದ ಬಾಗಿಲೊಂದಿತ್ತು:
ಅರಸನೇ ಬಂದು ನಿಂತಾಗ ಒಳಗಿನಿಂದ ಅಗಳಿ ಜಡಿದರು.
ಆ ಬಾಗಿಲೀಗ ತಗ್ಗಿನಲ್ಲಿ ಒಂದಿಷ್ಟು ಇಟ್ಟಿಗೆ.
ಹುಡುಗರು ಮೇಲೆ ಕೂತು ಚಿಪ್ಸ್ ತಿನ್ನುತ್ತಾರೆ,
ಉಪ್ಪು ಕೆಳಗುದುರುತ್ತದೆ.

ಹೊಳೆ ಬಳುಕಿದಂತೆ ಬಳುಕಿದ ಬೀದಿಯಲ್ಲಿ
ತಿಮಿಂಗಿಲದೆಣ್ಣೆ, ಸ್ವೀಡನ್ನಿನ ಕಬ್ಬಿಣ, ಗೋಧಿ
ಮನೆಯ ಹಿಂಬಾಗಿಲಿಗೇ ಬಂದಿಳಿಯುತ್ತಿದ್ದ ಕಾಲ
ಡೋರೀನ್ ಕಂಡಿದ್ದಲ್ಲ.
ಮೇ ತಿಂಗಳ ಆ ಎರಡು ರಾತ್ರಿ ಬಾಂಬು ಬಿದ್ದಾಗ
ಅವಳಿನ್ನೂ ತಾಯ ಹೊಟ್ಟೆಯಲ್ಲಿ.
ಉಗ್ರಾಣ ಉರಿದು ವಾರವೆಲ್ಲ ಹುರಿದ ಗೋಧಿಯ ವಾಸನೆ,
ಹಸಿದ ಬಸುರಿಗೆ ಬಾಯಲ್ಲಿ ನೀರೂರಿತ್ತಂತೆ.
ಅದನ್ನು ತಾಯಿ ಸಾಯುವ ತನಕ ಪಾದ್ರಿಗೂ ಹೇಳಿರಲಿಲ್ಲ.

ಹೋದ ವಾರ ಒಂದು ಲಕೋಟೆ. ರೀಗಾದ ಮುದ್ರೆ.
ಸ್ಟೇದರ್ಸ್ ಮತ್ತು ಮಗ, ಹಗ್ಗದ ವ್ಯಾಪಾರಿಗಳು,
ಹಸಿ ಶುಂಠಿಯ ನಾಡು. ಮನೆ ನಂಬರು ಕಾಣೆ.
ಹಿಂದಿರುಗಿಸುವ ಚೀಟಿಯಲ್ಲಿ ಗೀಟು ಹಾಕಬೇಕು:
ವಿಳಾಸದಾರರು ಇಲ್ಲ.
ಪೆನ್ನು ತೆಗೆದೆ, ಕೈ ಓಡಲಿಲ್ಲ.
ಇಲ್ಲ ಅಂದರೆ ಮುಗಿಯಿತು, ಚೀಲ ಹೊತ್ತು ನಡಿ.
ಅಲ್ಲ ಅಂದರೆ ಮತ್ತೇನೋ ಇದೆ, ಇನ್ನೊಮ್ಮೆ ಕೇಳು.
ಹಗ್ಗದಂಗಡಿಯಲ್ಲ, ಆಮೇಲೆ ಅದು ವಕೀಲರ ಕಚೇರಿ;
ವಕೀಲರದೂ ಅಲ್ಲ, ಹಚ್ಚೆ ಹಾಕುವವನದು;
ಅವನೂ ದೀಪಾವಳಿ ಹೊತ್ತಿಗೆ ಬಿಡುತ್ತಾನಂತೆ
(ದೀಪಾವಳಿ ನನ್ನ ಲೆಕ್ಕ, ಅವನದು ನವೆಂಬರು).

ಡೋರೀನ್ ಲಕೋಟೆ ತಿರುಗಿಸಿ ನೋಡಿದಳು.
"ಸ್ಟೇದರ್ಸ್? ನಮ್ಮ ಚಿಕ್ಕಮ್ಮನಿಗೆ ಅಲ್ಲಿ ಕೆಲಸ.
ಅವಳ ಅಂಗೈ ಮುಟ್ಟಿದರೆ ಕತ್ತದ ಹಾಗಿತ್ತು.
ಶುಕ್ರವಾರದ ತನಕ ಇಟ್ಟುಕೋ, ನೆನಪು ಮಾಡಿಕೊಳ್ಳುತ್ತೇನೆ."

ಸಂಜೆ ಸ್ಪ್ರಿಂಗ್ ಬ್ಯಾಂಕಿನ ಕುರ್ದಿ ಅಂಗಡಿಯಲ್ಲಿ
ಎರಡು ಬೆರಳುದ್ದದ ತುಂಡು ಕೊಂಡೆ, ಮಣ್ಣು ಸಹಿತ.
ಮರುದಿನ ಅವಳ ಅಂಗೈಗಿಟ್ಟೆ.
ಮುದುಕಿ ಸಿಪ್ಪೆ ಸಮೇತ ಕಚ್ಚಿದಳು,
ಕಣ್ಣಲ್ಲಿ ನೀರು, ಮೂಗಲ್ಲಿ ನೀರು,
"ನಿಮ್ಮಲ್ಲಿ ಇದಕ್ಕೆ ಏನಂತೀರಿ?"
ಅಲ್ಲ, ಅಂದೆ.
ಇನ್ನೊಮ್ಮೆ ಅಂದೆ.
ಅವಳ ಬಾಯಲ್ಲಿ ಅದು ಎಲ್ಲ ಆಯಿತು.

ತಿದ್ದಲು ಹೋಗಲಿಲ್ಲ, ತಡವಾಗಿತ್ತು,
ಮುಂದಿನ ಬೀದಿಯ ಕಟ್ಟು ಬಿಚ್ಚಿಯೇ ಇರಲಿಲ್ಲ.
ಲಕೋಟೆ ಇನ್ನೂ ಒಳಜೇಬಿನಲ್ಲಿದೆ.
ಇವತ್ತು ಬುಧವಾರ.