ಎದುವಿಹೆಸ್ ಇಕ್ಕಳ ಕೊಂಡದ್ದು

ವಹಾಕ ಪಟ್ಟಣದ ದೊಡ್ಡ ಸಂತೆಯಲ್ಲಿ
ಒಣಮೆಣಸಿನ ಸಾಲು ದಾಟಿ,
ಘಾಟಿಗೆ ಎರಡು ಸಲ ಸೀನಿ, ಎಡಕ್ಕೆ ತಿರುಗಿದರೆ
ನನ್ನ ಅಂಗಡಿ. ತಗಡು, ತಂತಿ, ಸೌಟು, ಜಾಲರಿ,
ಮೊಳೆಗೆ ನೇತುಬಿದ್ದ ನಲವತ್ತು ಇಕ್ಕಳ.
ಗಾಳಿ ಬಂದರೆ ಒಂದಕ್ಕೊಂದು ಹಲ್ಲು ಕಡಿಯುತ್ತವೆ.

ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ:
ಹೊಳಪು ನೋಡಬೇಡಿ. ಹೊಳಪು ಮೂರು ತೊಳೆತದವರೆಗೆ.
ಒತ್ತಿ, ಬಿಡಿ. ಒತ್ತಿ, ಬಿಡಿ.
ತಾನಾಗಿ ಬಾಯಿ ತೆರೆಯಬೇಕು, ಆದರೆ
ಹೊಸ ನೆಂಟನ ಹಾಗೆ ಪೂರ್ತಿ ಹಲ್ಲು ಬಿಡಬಾರದು.
ಬಿಗಿ ಜಾಸ್ತಿಯಾದರೆ ರಾತ್ರಿ ಹೆಬ್ಬೆರಳ ಬುಡ ನೋಯುತ್ತದೆ,
ಸಡಿಲವಾದರೆ ಮಾಂಸ ಬೂದಿಗೆ.
ತುದಿ ಎರಡೂ ಕೂಡುತ್ತವೆಯೇ, ಬೆಳಕಿಗೆ ಹಿಡಿದು ನೋಡಿ;
ಸಂದಿನಲ್ಲಿ ಸಂತೆಯ ಆಚೆ ಬದಿ ಕಂಡರೆ
ವಾಪಸ್ಸು ನೇತುಹಾಕಿ. ನಾನು ಬೇಸರ ಮಾಡಿಕೊಳ್ಳುವುದಿಲ್ಲ.
(ಮಾಡಿಕೊಳ್ಳುತ್ತೇನೆ. ತೋರಿಸುವುದಿಲ್ಲ.)

ಶುಕ್ರವಾರ ಆ ಹೆಂಗಸು ಬಂದಳು.
ಗುರುತಿನವಳೇ: ಮೂರನೇ ಬಾಗಿಲ ಬಳಿ
ಮೆಕ್ಕೆಜೋಳದ ರೊಟ್ಟಿ ಸುಡುವ ಎದುವಿಹೆಸ್.
ನಲವತ್ತೆರಡು ವರ್ಷ ಮಣ್ಣಿನ ಹೆಂಚಿನ ಮುಂದೆ
ಬೆರಳ ತುದಿಯಲ್ಲೇ ಮಗುಚಿದವಳು,
ಬೆಂಕಿಗೆ ತಿಳಿಯುವ ಮೊದಲೇ ಕೈ ಹಿಂದಕ್ಕೆ.
ಇಕ್ಕಳ ಹಿಡಿದ ಸೊಸೆಯಂದಿರನ್ನು ಕಂಡರೆ
"ರೊಟ್ಟಿಗೇನು ಹಲ್ಲು ಕೀಳುತ್ತೀಯಾ" ಎಂದು ನಗುತ್ತಿದ್ದವಳು.

ಇವಳಿಗೆ ಇಕ್ಕಳ?
ಯಾರದೋ ಮದುವೆಯ ಉಡುಗೊರೆ ಇರಬೇಕೆಂದು
ಉದ್ದನೆಯದು ಇಳಿಸಿಕೊಟ್ಟೆ. "ಬೆಂಕಿ ದೂರ ಇರುತ್ತೆ" ಅಂದೆ.
"ದೂರ ಇದ್ದರೆ ಏನು ಮಾಡಲಿ, ಕಾಗದ ಬರೆಯಲೇ?"
ರಬ್ಬರ್ ತುದಿಯದನ್ನು ಮೂಸಿಯೇ ಬಿಟ್ಟಳು.
ಕತ್ತರಿಯಂಥದ್ದು ತೋರಿಸಿದರೆ, "ದರ್ಜಿಗೆ ಕೊಡು."
ಚೀಲದಿಂದ ಕಪ್ಪು ಅವರೆಕಾಳೊಂದನ್ನು ಹುಡುಕಿ ತೆಗೆದು
ಗಲ್ಲಾದ ಮೇಲಿಟ್ಟು, ಒಂದೊಂದರಲ್ಲೂ ಎತ್ತಿದಳು.
ಏಳರಲ್ಲಿ ಜಾರಿತು.
ಎಂಟನೆಯ ಗಿಡ್ಡನೆಯದು ಹಿಡಿದೆತ್ತಿತು.
ಅದರಲ್ಲೇ ನನ್ನ ಅಂಗಿಯ ತೋಳಿನಿಂದ
ಬಿಳಿ ಕೂದಲೊಂದನ್ನೂ ಎತ್ತಿ, ಬೆಳಕಿಗೆ ಹಿಡಿದು,
ಏನೂ ಹೇಳದೆ ಊದಿಬಿಟ್ಟಳು.

ಆಮೇಲೆ ತನ್ನದೇ ತೋರುಬೆರಳನ್ನು ಅದರ ಬಾಯಿಗೆ ಕೊಟ್ಟು
ಒತ್ತಿದಳು.
ದಾರದ ಉಂಡೆ ಸುತ್ತುತ್ತಿದ್ದ ನನ್ನ ಕೈ ನಿಂತಿತು.
ಉಗುರಿನ ಕೆಳಗೆ ಬಿಳಿಯಾಯಿತು. ಇನ್ನೂ ಒತ್ತಿದಳು.
ಮುಖ ಮಾತ್ರ ಬಸ್ಸಿಗೆ ಕಾಯುವವರ ಮುಖ.
"ನೋವಾಗಲಿಲ್ಲವೇ" ಎಂದೆ.
"ಅದನ್ನೇ ನೋಡುತ್ತಿದ್ದೆ."

ಆಗ ಕಂಡೆ: ಹೆಬ್ಬೆರಳಲ್ಲಿ ಒಂದು, ನಡುಬೆರಳಲ್ಲಿ ಎರಡು
ಒಡೆದ ಬೊಕ್ಕೆ, ಮೇಲೆ ಹಳದಿ ಮುಲಾಮು.
ಸಕ್ಕರೆ ಕಾಯಿಲೆಯಂತೆ. ಬೇಸಿಗೆಯಿಂದೀಚೆಗೆ
ಬೆರಳುಗಳು ಸುದ್ದಿ ತರುವುದಿಲ್ಲವಂತೆ.
"ವಾಸನೆ ಬಂದ ಮೇಲೆ ಗೊತ್ತಾಗುತ್ತೆ, ಲಿಬ್ರಾದೊ.
ಮೊನ್ನೆ ರೊಟ್ಟಿ ಸೀಯುತ್ತಿದೆ ಅಂದುಕೊಂಡೆ.
ನಾನು."

ಏನು ಹೇಳಲಿ. ಬೆಲೆ ಹೇಳಿದೆ.
ಅರವತ್ತು ಪೆಸೊ. ಅವಳು ನಲವತ್ತು ಅಂದಳು.
ಕನಿಕರಕ್ಕೆ ಇಳಿಸಿದರೆ ಕೆರಳುವ ಹೆಂಗಸು;
ಐವತ್ತೈದಕ್ಕೆ ಹಟ ಹಿಡಿದೆ. ಐವತ್ತಕ್ಕೆ ಬಂದೆವು,
ಇಬ್ಬರೂ ಸೋತ ಮುಖ ಮಾಡಿಕೊಂಡು.

ತುದಿ ಚೂಪು, ರೊಟ್ಟಿ ಹರಿಯುತ್ತೆ ಎಂದಳು.
ಅರ ತೆಗೆದು ಉಜ್ಜಿದೆ.
"ಇನ್ನೂ." ಉಜ್ಜಿದೆ.
ಸವರಿ ನೋಡಲು ಬೆರಳು ಒಯ್ದವಳು ನಡುವೆಯೇ ತಡೆದು
ತುದಿಯನ್ನು ಕೆನ್ನೆಗೆ, ಆಮೇಲೆ ತುಟಿಗೆ ಮುಟ್ಟಿಸಿಕೊಂಡಳು.
"ಈಗ ಸರಿ."

ಇವತ್ತು ಬೆಳಿಗ್ಗೆ ಉಪ್ಪು ತರುವ ನೆವದಲ್ಲಿ
ಮೂರನೇ ಬಾಗಿಲ ಕಡೆ ಹೋಗಿದ್ದೆ.
ಇಕ್ಕಳ ಹೆಂಚಿನ ಅಂಚಿಗೆ ಒರಗಿ ಕೂತಿತ್ತು, ಅತಿಥಿಯ ಹಾಗೆ.
ಅವಳು ಬೆರಳಲ್ಲೇ ಮಗುಚುತ್ತಿದ್ದಳು.
ನನ್ನನ್ನು ಕಂಡು, ಕಳ್ಳತನಕ್ಕೆ ಸಿಕ್ಕಿಬಿದ್ದವಳಂತೆ ದುರುಗುಟ್ಟಿ,
ಇಕ್ಕಳ ಎತ್ತಿಕೊಂಡಳು. ಟಕ್ ಟಕ್,
ಎರಡು ಸಲ ಗಾಳಿಯನ್ನು ಕಚ್ಚಿಸಿ,
ಉಬ್ಬಿದ ರೊಟ್ಟಿಯೊಂದನ್ನು ಅಂಚು ಹಿಡಿದೆತ್ತಿ
ನನ್ನತ್ತ ಚಾಚಿದಳು.
ಬರಿಗೈಯಲ್ಲಿ ತೆಗೆದುಕೊಂಡೆ. ಕೈಯಿಂದ ಕೈಗೆ ಹಾರಿಸಿದೆ.

"ಸುಟ್ಟಿತೇ?" ಎಂದಳು.
"ಹ್ಞೂ."
"ಎಷ್ಟು?"