ಎರಡೂವರಿ ಇಂಚು

ಹಡಪಸರದಾಗಿನ ನಮ್ಮ ಗ್ಯಾರೇಜಿಗೆ ಕುಂದಾ ಘೋಲಪ ಬಂದಾಗ
ಅಕಿ ಜೋಡಿ ಒಂದು ಗಿಡ್ಡ ಸ್ಟೂಲು ಇತ್ತು, ಹಗ್ಗ ಕಟ್ಟಿದ್ದು.
ನೆಲಕ್ಕ ಸ್ಟೂಲು, ಸ್ಟೂಲಿಗೆ ಕಾಲು, ಹಂಗ ಪಿಕಪ್ ಹತ್ತಿ
ಹಗ್ಗ ಜಗ್ಗಿ ಒಳಗ ಎಳಕೋತಿದ್ಲು,
ಬಾವಿಯಿಂದ ಕೊಡ ಸೇದಿಧಂಗ.

ಮೊಣಕಾಲು ಬದಲಿಸಿ ನಾಕ ತಿಂಗಳು.
ಇನ್ನ ನಾ ಎತ್ತರ ಆಗೂದಿಲ್ಲ, ಗಾಡಿನ ಕುಳ್ಳ ಮಾಡು ಅಂದ್ಲು.
ಆದರ ಘಾಟಿನಾಗ ಅದು ನನ್ನ ಮಾತು ಕೇಳಬೇಕು.
ಸಾಸವಡದಿಂದ ಅಂಜೂರ ತರತಾಳ, ನಸುಕಿನಾಗ,
ದಿವೇ ಘಾಟ ಇಳದು.
ಒಂದು ಬುಟ್ಟಿ ಜಾರಿದರ ಆವತ್ತಿನ ಲಾಭ ಹೋತು.

ಇದು ಚಾಸಿ ಗಾಡಿ.
ಕೆಳಗ ಏಣಿ ಹಂಗ ಉಕ್ಕು ಮಲಗಿರತದ,
ಮ್ಯಾಲಿನ ಮೈ ಬ್ಯಾರೆ, ನಡುವ ರಬ್ಬರಿನ ಗುಂಡಿ.
ಒಂದರ ಸಂಗತಿ ಇನ್ನೊಂದಕ್ಕ ತಡಾ ಮಾಡಿ ಗೊತ್ತಾಗತದ,
ಒಂದ ವಾಡೇದಾಗ ಮಾತು ಬಿಟ್ಟ ವಾರಗಿತ್ತೇರ ಹಂಗ.

ಯಮನಪ್ಪಗ ಅವಸರ.
ಗ್ಯಾಸ್ ಹಚ್ಚಿ ಪಟ್ಟಿ ಕೆಂಪಗ ಕಾಸಿದರ ತಾನ ಕುಂದರತದ ಅಕ್ಕಾ ಅಂದ.
ಕುಂದರತದ ಖರೆ. ಏಳೂದು ಮರೀತದ.

ಕಮಾನಪಟ್ಟಿ ಬಿಚ್ಚಿ ಫುರಸುಂಗಿಯ ಲತೀಫ ಚಾಚಾನ ಹಂತ್ಯಾಕ ಒಯ್ದೆ.
ತಣ್ಣಗಿದ್ದಾಗನ ಬಡಿದು ಬಾಗು ತಗದ,
ಒಂದು ಎಲೀನೂ ಕಡಿಮಿ ಮಾಡಲಿಲ್ಲ.
ಮುಂದ ಟಾರ್ಶನ್ ಬಾರಿನ ಬೋಲ್ಟು, ಎಡಕ್ಕ ಏಳು ಸುತ್ತು,
ಬಲಕ್ಕ ಆರು. ಡ್ರೈವರ್ ಕೂಡೂ ಬದಿ ಮೊದಲ ದಣಿದಿರತದ.
ಗಿಡ್ಡ ಶಾಕಬ್ಸರ್. ಬಡಿತ ತಡಿಯೂ ರಬ್ಬರು ಅರ್ಧ ಕೊಯ್ದೆ.
ಹಿಂದಿನ ಆಕ್ಸಲಿನ ಮೂತಿ ತುಸು ಸೊಟ್ಟಾಗಿತ್ತು, ಬೆಣಿ ಇಟ್ಟೆ.

ಖಾಲಿ ಗಾಡಿ ಅಳೀಬಾರದು.
ಅಂಜೂರದ ಬದಲಿಗೆ ಹದಿನಾರು ಉಸುಕಿನ ಚೀಲ ಹೇರಿ,
ಅಕಿ ಜಾಗಾದಾಗ ಯಮನಪ್ಪನ್ನ ಕುಂದರಿಸಿ,
ಅವನ ತೊಡಿ ಮ್ಯಾಲ ಬ್ಯಾಟರಿ ಇಟ್ಟು, ಅಕಿ ತೂಕ ಬರಲಿ ಅಂತ,
ಕ್ಯಾಂಬರ್ ನೋಡಿದೆ, ಟೋ ನೋಡಿದೆ,
ಮಶೀನಿನಾಗ ಒಮ್ಮೆ, ದಾರ ಕಟ್ಟಿ ಒಮ್ಮೆ.
ಎರಡೂ ಒಂದ ಮಾತು ಹೇಳಿದವು. ನಾ ಉಬ್ಬಿದೆ.

ಚೀಲ ಇಳಿಸಿ ಸಂಜಿಮುಂದ ಘಾಟಿಗೆ ಹೋದೆ.
ಹತ್ತೂಮುಂದ ಎಲ್ಲಾ ಛಲೋ.
ಇಳಿಯೂಮುಂದ, ಮಸ್ತಾನಿ ಕೆರಿ ಕಾಣೂ ತಿರುವಿನಾಗ,
ಬ್ರೇಕು ಮುಟ್ಟಿದೆ, ಬರೇ ಮುಟ್ಟಿದೆ,
ಗಾಡಿಯ ಹಿಂಭಾಗ ನನ್ನ ದಾಟಿ ಮುಂದ ಬರಲಿಕ್ಕ ಹತ್ತಿತು.
ಕೆರಿ ಒಂದ ಗಳಿಗಿ ಬಾಜೂಕ ಇತ್ತು,
ಇನ್ನೊಂದ ಗಳಿಗಿ ಎದುರಿಗೆ.

ಆ ರಾತ್ರಿ ಊಟ ಸೇರಲಿಲ್ಲ.
ಎರಡ ಗಂಟೆಕ್ಕ ಎದ್ದು ಟಾರ್ಚ್ ಹಿಡದು ಗಾಡಿ ಕೆಳಗ ಹೊಕ್ಕೆ.
ಇತ್ತು ಅಲ್ಲಿ. ಆಕ್ಸಲಿಗೂ ಚಾಸಿಗೂ ನಡುವ ಬೆರಳ ಗಾತ್ರದ ಕಡ್ಡಿ.
ಹೊರಿ ಬಿದ್ದು ಗಾಡಿ ಕುಂತರ ಕಡ್ಡಿ ಏಳತದ,
ಹಿಂದಿನ ಬ್ರೇಕಿಗೆ ಜೋರು ಬಿಡತದ.
ಅದಕ್ಕ ಯಾರೂ ಹೇಳಿರಲಿಲ್ಲ.
ತಗ್ಗಿದ್ದು ಕಂಡು ಹೊರಿ ಹೊತ್ತದ ಅಂತ ತಿಳಕೊಂಡಿತ್ತು, ಪಾಪ,
ಖಾಲಿ ಬೆನ್ನಿಗೆ ತುಂಬಿದ ಗಾಡಿಯ ಬ್ರೇಕು ಹಾಕಿತ್ತು.
ನನ್ನ ಅವ್ವನ್ನೂ ಹಿಂಗ ನೋಡತಿದ್ರು ಮಂದಿ,
ಬಾಗಿ ನಡದ್ಲಂದರ ಏನೋ ಹೊತ್ತಾಳ ಅಂತ.

ಕಡ್ಡಿ ಸಡ್ಲ ಮಾಡಿ ಸರಿಸಿದೆ. ಅಷ್ಟ.
ಎರಡು ನಟ್ಟು, ಪಾವ ತಾಸು.
ಮತ್ತ ಘಾಟಿಗೆ ಹೋದೆ, ಖಾಲಿ ಒಮ್ಮೆ, ಉಸುಕು ಹೇರಿ ಒಮ್ಮೆ.
ಕೆರಿ ಇದ್ದಲ್ಲೇ ಇತ್ತು.
ಬಿಲ್ಲಿನಾಗ ಬರೀಲಿಲ್ಲ ಅದನ್ನ. ಏನಂತ ಬರೀಲಿ.

ಕುಂದಾಬಾಯಿ ಬಂದ್ಲು, ಬಾಗಲಾ ತಗದ್ಲು,
ಹಿಡಿಕಿ ಹಿಡೀದ ಒಳಗ ಕುಂತ್ಲು.
ಏನರ ಅಂದಾಳು ಅಂತ ನಿಂತೆ.
ಕನ್ನಡಿ ತಿರುವಿಕೊಂಡು, ರಸ್ತೆ ಸನೇಕ ಬಂತು ಅಂದ್ಲು.
ಮುಕ್ಕಾಲು ರೊಕ್ಕ ಕೊಟ್ಲು,
ಉಳಿದದ್ದು ಸೀಜನ್ನಿಗೆ, ಅಂಜೂರದಾಗ.

ಸ್ಟೂಲು ಇಲ್ಲೇ ಬಿಟ್ಟು ಹೋಗ್ಯಾಳ.
ಯಮನಪ್ಪ ಅದರ ಮ್ಯಾಲ ಕುಂತು ಚಾ ಕುಡೀತಾನ.
ಹಗ್ಗ ಇನ್ನಾ ಬಿಚ್ಚಿಲ್ಲ,
ಗಿರಾಕಿ ಬಂದರ ಜಗ್ಗಿ ಮೂಲಿಗೆ ಎಳೀತೀನಿ,
ಅಂವ ಅದರ ಮ್ಯಾಲ ಕುಂತಿದ್ದರೂ.