ಓರೆ ಬೆಳಕು

ಮ್ಯಾನ್‌ಹೋಲು ಹದಿನಾರಕ್ಕೆ ಹನ್ನೆರಡಿಂಚು.
ಹಿಂದಿನ ಸಾಹೇಬರ ಹೊಟ್ಟೆ ತೂರುತ್ತಿರಲಿಲ್ಲವಂತೆ,
ಬಾಯಲ್ಲೇ ಟಾರ್ಚು ಬಿಟ್ಟು, ಹ್ಞೂಂ ಅಂದು,
ಚಹಾದ ಜೊತೆ ಸಹಿ ಹಾಕಿ ಹೋಗುತ್ತಿದ್ದರಂತೆ.
ನಾನು ತೂರುತ್ತೇನೆ. ಒಂದು ಭುಜ ಮೊದಲು, ಆಮೇಲೆ ಇನ್ನೊಂದು,
ತಲೆಗೆ ಬಟ್ಟೆ ಕಟ್ಟಿ, ಬಳೆ ಬಿಚ್ಚಿ ಪಾಲಯ್ಯನ ಕೈಗಿಟ್ಟು.

ಚಳ್ಳಕೆರೆಯ ಎಣ್ಣೆ ಮಿಲ್ಲು.
ವರ್ಷವಿಡೀ ಶೇಂಗಾ ಹೊಟ್ಟು ಉಂಡ ಬಾಯ್ಲರು
ಮೂರು ದಿನ ಉಪವಾಸವಿದ್ದು ತಣ್ಣಗಾಗಿದೆ.
ಒಳಗೆ ನನ್ನ ಉಸಿರು ನನಗೇ ಎರಡು ಸಲ ಕೇಳುತ್ತದೆ.
ಗೋಡೆಗೆಲ್ಲ ಬೋರ್ ನೀರಿನ ಸುಣ್ಣ,
ತಿಕ್ಕದ ಹಲ್ಲಿನ ಹಾಗೆ.

ಟಾರ್ಚು ನೇರ ಹಿಡಿದರೆ ಎಲ್ಲ ಬೆಸುಗೆಯೂ ಒಳ್ಳೆಯದೇ.
ಓರೆ ಹಿಡಿಯಬೇಕು, ಕಬ್ಬಿಣಕ್ಕೆ ಕೆನ್ನೆ ತಾಗಿಸಿ,
ಉತ್ತ ಹೊಲದ ಮೇಲೆ ಸಂಜೆ ಬಿಸಿಲು ಬೀಳುವ ಹಾಗೆ.
ಆಗ ತಗ್ಗು ತಾನು ತಗ್ಗೆಂದು ಒಪ್ಪಿಕೊಳ್ಳುತ್ತದೆ.

ತಂತಿ ಬ್ರಶ್ಶಿನಿಂದ ಉಜ್ಜುತ್ತೇನೆ. ಸಾಲು ಕಾಣುತ್ತದೆ:
ಮೀನಿನ ಹುರುಪೆಯ ಮೇಲೆ ಹುರುಪೆ, ಅವಸರವಿಲ್ಲದ ಕೈ.
ಇಲ್ಲಿ ರಾಡು ಮುಗಿದಿದೆ, ಹೊಸದು ಹಚ್ಚಿದ್ದಾರೆ.
ಇಲ್ಲಿ ಕೆಮ್ಮು ಬಂದಿರಬೇಕು, ಒಂದು ಹುರುಪೆ ದಪ್ಪ.
ಇಲ್ಲಿ, ಕೆಳಗಿನ ಸುತ್ತಿನಲ್ಲಿ, ಸಾಲು ನಿಂತ ಕುಳಿಯಲ್ಲಿ
ಏನೋ.
ಕೂದಲಾ? ಊದಿದೆ. ಹಾರಲಿಲ್ಲ.

ಹೊರಗಿಂದ ಶೆಟ್ಟರ ಧ್ವನಿ: "ಸೀಸನ್ನು ಮೇಡಂ,
ಅಂಗಳದಾಗೆ ಮೂರು ಲೋಡು ಕಾಯಿ ಬಿದ್ದೈತೆ."
ಬಿದ್ದಿರಲಿ. ಸೀಮೆಸುಣ್ಣದಲ್ಲಿ ಸುತ್ತ ಗುಂಡಗೆ ಬರೆದೆ.
"ದಾದಾಪೀರ್ ಅವರನ್ನ ಕರೀರಿ."

ಮೊಣಕಾಲು ನಟಿಕೆ ಮುರಿಯುತ್ತ ತೂರಿ ಬಂದರು,
ಎಪ್ಪತ್ತರ ಹತ್ತಿರ,
ಒಂದು ಕಣ್ಣಿಗೆ ಪೊರೆ, ಇನ್ನೊಂದಕ್ಕೂ ಶುರು.
ಬೆಳಕು ಬೇಡವೆಂದರು. ಹೆಬ್ಬೆರಳ ಉಗುರನ್ನು
ಸಾಲಿನ ಮೇಲೆ ನಿಧಾನ ಎಳೆದರು. ಸುಣ್ಣದ ಗೆರೆ ದಾಟುತ್ತಲೇ
ಟಿಕ್.
ಅಷ್ಟು ಸಣ್ಣ ಸದ್ದು, ಇಬ್ಬರಿಗೂ ಕೇಳಿತು.

"ನಂದೇ," ಅಂದರು.
"ಅವತ್ತು ಕರೆಂಟು ಹೋತು. ಚಾ ಕುಡಿದು ಬಂದೆ.
ತಣ್ಣಗಾಗಿತ್ತು, ಹಂಗೇ ಹಚ್ಚಿಬಿಟ್ಟೆ. ಆವಾಗ್ಲೇ ಅನ್ಸಿತ್ತು."
ಎಷ್ಟು ವರ್ಷ ಆಯಿತು?
"ಸಣ್ಣ ಮಗಳು ಹತ್ತನೇ ಕ್ಲಾಸು. ಹನ್ನೊಂದು."

ಹನ್ನೊಂದು ವರ್ಷ ಆ ಒಂದು ಅನಿಸಿಕೆ
ಹತ್ತು ಕೆಜಿ ಪ್ರೆಶರು ಹೊತ್ತು ನಿಂತಿತ್ತು.
ಅದಕ್ಕೆ ಬೆನ್ನು ಕೊಟ್ಟು ಪಾಲಯ್ಯ ದಿನಾ ಬುತ್ತಿ ಬಿಚ್ಚುತ್ತಿದ್ದ.

ನಾನು ಬರೆದದ್ದು ಒಂದೇ ಸಾಲು:
ಬಿರುಕು, ಎಂಟು ಮಿಲಿಮೀಟರು, ಉರಿ ಹಚ್ಚಕೂಡದು.
ಶೆಟ್ಟರು ಚಹಾ ತರಿಸಲಿಲ್ಲ.
ಪಾಲಯ್ಯ ಬಳೆ ವಾಪಸು ಕೊಟ್ಟ, ಎಣಿಸಿ, ನಾಲ್ಕೂ.
ದಾದಾಪೀರ್ ಇನ್ನೂ ಒಳಗೇ ಇದ್ದರು.
ಸ್ವಲ್ಪ ಹೊತ್ತಿಗೆ ಮ್ಯಾನ್‌ಹೋಲಿನಿಂದ
ಒಂದು ಕೈ ಮಾತ್ರ ಹೊರಗೆ ಬಂದು
ಗ್ರೈಂಡರ್ ಕೇಳಿತು.